ಯಹೂದಿ ಶಾಂತಿ ಸಂಘಟನೆಗಳೆಲ್ಲ ಒಂದೇನಾ? ದೇಣಿಗೆ ಯಾರಿಗೆ ಕೊಡಲಿ?

ತುಂಗಾತೀರ:
ನಾನಿರುವುದು ನ್ಯೂಜೆರ್ಸಿಯಲ್ಲಿ. ಆಫೀಸಿನ ಯಹೂದಿ ಗೆಳತಿಯೊಬ್ಬಳು ಜೆ ಸ್ಟ್ರೀಟ್‌ಗೆ ದುಡ್ಡು ಕೊಡುತ್ತಾಳೆ. ಇನ್ನೊಬ್ಬ ಗೆಳೆಯ ಜ್ಯೂಯಿಷ್ ವಾಯ್ಸ್ ಫಾರ್ ಪೀಸ್ ಸದಸ್ಯ. ಇಬ್ಬರಿಗೂ ಶಾಂತಿ ಬೇಕು, ಆದರೆ ಇಸ್ರೇಲ್-ಪ್ಯಾಲೆಸ್ಟೀನ್ ಮಾತು ಬಂದರೆ ಇಬ್ಬರಿಗೂ ಒಂಚೂರೂ ಹೊಂದುವುದಿಲ್ಲ. ಯಾಕೆ? ನಾನೂ ಕೈಲಾದಷ್ಟು ಕೊಡಬೇಕು ಅಂತಿದ್ದೇನೆ. ಕೆಲವು ಕಡೆ ತೆರಿಗೆ ವಿನಾಯಿತಿ ಇಲ್ಲ ಅಂತ ಬರೆದಿರುತ್ತದೆ, ಅದೇನು?

ಕಡಲೂರಿನವ:
ಇಬ್ಬರ ಗುರಿಯೇ ಬೇರೆ. 2008ರಲ್ಲಿ ಶುರುವಾದ ಜೆ ಸ್ಟ್ರೀಟ್ ಇಸ್ರೇಲ್ ಪರ ಅಂತಲೇ ಹೇಳಿಕೊಳ್ಳುತ್ತದೆ. ಪಕ್ಕದಲ್ಲೇ ಪ್ಯಾಲೆಸ್ಟೀನ್ ದೇಶವೂ ಆಗಬೇಕು ಅಂತ ವಾಷಿಂಗ್ಟನ್‌ನಲ್ಲಿ ಒತ್ತಡ ಹಾಕುತ್ತದೆ. ಜ್ಯೂಯಿಷ್ ವಾಯ್ಸ್ ಫಾರ್ ಪೀಸ್ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. ಇಸ್ರೇಲ್ ಮೇಲಿನ ಬಹಿಷ್ಕಾರ ಚಳವಳಿಯನ್ನು ಅದು ಬೆಂಬಲಿಸುತ್ತದೆ, ಜಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ದೇಶ ಬೇಕು ಅನ್ನುವ ವಾದವನ್ನೇ ಒಪ್ಪುವುದಿಲ್ಲ ಅಂತ 2019ರಲ್ಲಿ ಬಹಿರಂಗವಾಗಿ ಹೇಳಿತು. ಜೆ ಸ್ಟ್ರೀಟ್ ಆ ಬಹಿಷ್ಕಾರದ ವಿರುದ್ಧ. ಜಗಳ ಸುಮ್ನೆ ಅಲ್ಲ ನೋಡಿ.

ಇವಕ್ಕಿಂತ ಹಳೆಯದು ಇಸ್ರೇಲಿನ ಪೀಸ್ ನೌ. 1978ರಲ್ಲಿ ಈಜಿಪ್ಟ್ ಜೊತೆ ಮಾತುಕತೆ ಮುರಿದು ಬೀಳುತ್ತದೇನೋ ಅನ್ನುವ ಹೊತ್ತಿಗೆ, 348 ಜನ ಮೀಸಲು ಸೇನಾಧಿಕಾರಿಗಳು ಮತ್ತು ಸೈನಿಕರು ಪ್ರಧಾನಿ ಬೆಗಿನ್‌ಗೆ ಪತ್ರ ಬರೆದರು, ಅಲ್ಲಿಂದ ಬೆಳೆದದ್ದು. ಯುದ್ಧ ಕಂಡವರೇ ಶಾಂತಿ ಕೇಳಿದ್ದು ಅನ್ನುವುದನ್ನು ಮರೆಯಬಾರದು. 1983ರ ಫೆಬ್ರವರಿಯಲ್ಲಿ ಜೆರುಸಲೇಮಿನ ಅವರ ಮೆರವಣಿಗೆಯ ಮೇಲೆ ಒಬ್ಬ ಯಹೂದಿಯೇ ಗ್ರೆನೇಡ್ ಎಸೆದ, ಎಮಿಲ್ ಗ್ರುನ್ಜ್‌ವೈಗ್ ಸತ್ತರು. ಇಸ್ರೇಲ್ ಹಿಡಿತದಲ್ಲಿರುವ ಪ್ಯಾಲೆಸ್ಟೀನಿ ಪ್ರದೇಶ ವೆಸ್ಟ್ ಬ್ಯಾಂಕ್‌ನಲ್ಲಿ ಎಲ್ಲೆಲ್ಲಿ ಇಸ್ರೇಲಿಗಳ ಹೊಸ ವಸಾಹತು ಏಳುತ್ತಿದೆ ಅಂತ ಅವರು ಈಗಲೂ ಲೆಕ್ಕ ಇಡುತ್ತಾರೆ.

ಲೆಕ್ಕದಪುಸ್ತಕ:
ತೆರಿಗೆಯ ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ 501(ಸಿ)(3) ಅಂದರೆ ದಾನಧರ್ಮದ ಸಂಸ್ಥೆ. ಅದಕ್ಕೆ ಕೊಟ್ಟಿದ್ದಕ್ಕೆ ಭಾರತದ 80ಜಿ ತರಹ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ ಅದು ಚುನಾವಣೆಯಲ್ಲಿ ಯಾರ ಪರವೂ ನಿಲ್ಲುವಂತಿಲ್ಲ, ಲಾಬಿಗೂ, ಅಂದರೆ ಕಾನೂನು ಮಾಡುವವರ ಮೇಲೆ ಒತ್ತಡ ಹಾಕುವುದಕ್ಕೂ, ಮಿತಿ ಇದೆ. 501(ಸಿ)(4) ಬಗೆಯ ಸಂಘಟನೆ ಎಷ್ಟು ಬೇಕಾದರೂ ಲಾಬಿ ಮಾಡಬಹುದು, ಕೊಟ್ಟವರಿಗೆ ಮಾತ್ರ ವಿನಾಯಿತಿ ಇಲ್ಲ. ಅದಕ್ಕೇ ದೊಡ್ಡ ಸಂಘಟನೆಗಳು ಎರಡನ್ನೂ ಇಟ್ಟುಕೊಂಡಿರುತ್ತವೆ. ಜೆ ಸ್ಟ್ರೀಟ್ ಎರಡನೇ ಬಗೆಯದು, ಅದರ ಎಜುಕೇಶನ್ ಫಂಡ್ ಮೊದಲನೆಯದು. ಚೆಕ್ ಯಾವ ಹೆಸರಿಗೆ ಅಂತ ನೋಡಿಯೇ ಬರೆಯಿರಿ.

ಹಸಿರುಬಳೆ:
ಲಾಬಿ ಬೇಕು ನಿಜ, ಆದರೆ ನನ್ನ ಮನಸ್ಸು ನೆಲದ ಮೇಲಿನ ಕೆಲಸದ ಕಡೆಗೆ. ರೋಡ್ ಟು ರಿಕವರಿ ಅಂತ ಇದೆ, ಅದರ ಇಸ್ರೇಲಿ ಸ್ವಯಂಸೇವಕರು ಚೆಕ್‌ಪಾಯಿಂಟ್‌ಗೆ ತಮ್ಮ ಕಾರು ತಗೊಂಡು ಹೋಗಿ, ಪ್ಯಾಲೆಸ್ಟೀನಿ ರೋಗಿಗಳನ್ನು, ಜಾಸ್ತಿ ಮಕ್ಕಳನ್ನೇ, ಇಸ್ರೇಲಿನ ಆಸ್ಪತ್ರೆಗೆ ಬಿಟ್ಟು ಬರುತ್ತಾರೆ. ವಿವಿಯನ್ ಸಿಲ್ವರ್ ಹೀಗೆ ಕಾರು ಓಡಿಸುತ್ತಿದ್ದವರು, ವಿಮೆನ್ ವೇಜ್ ಪೀಸ್ ಅನ್ನುವ ಹೆಂಗಸರ ಶಾಂತಿ ಸಂಘಟನೆ ಕಟ್ಟಿದವರಲ್ಲೂ ಒಬ್ಬರು. 2023ರ ಅಕ್ಟೋಬರ್ 4ರಂದು ಆ ಸಂಘಟನೆಯ ಹೆಂಗಸರು ಪ್ಯಾಲೆಸ್ಟೀನಿ ಹೆಂಗಸರ ಜೊತೆ ಶಾಂತಿಗಾಗಿ ಸೇರಿದ್ದರು. ಮೂರು ದಿನ ಕಳೆದು ಬೇರಿ ಕಿಬ್ಬುಟ್ಜ್‌ನಲ್ಲಿ (ಗಾಜಾ ಗಡಿಯ ಹತ್ತಿರದ ಸಾಮೂಹಿಕ ಹಳ್ಳಿ) ಹಮಾಸ್ ದಾಳಿಗೆ ವಿವಿಯನ್ ಬಲಿಯಾದರು. ಅವರ ಮಗ ಅದಾದ ಮೇಲೂ ಶಾಂತಿ ಅಂತಲೇ ಮಾತಾಡಿದ.

ನಮ್ಮೂರಿಗೂ ಒಂದು ನಂಟಿದೆ. 1988ರಲ್ಲಿ ಜೆರುಸಲೇಮಿನ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಶುಕ್ರವಾರ ರಸ್ತೆಯಲ್ಲಿ ನಿಂತು ಪ್ಯಾಲೆಸ್ಟೀನಿ ನೆಲವನ್ನು ಆಕ್ರಮಿಸಿಕೊಂಡಿರುವುದನ್ನು ನಿಲ್ಲಿಸಿ ಅಂತ ಫಲಕ ಹಿಡಿದರು. ಆ ವಿಮೆನ್ ಇನ್ ಬ್ಲ್ಯಾಕ್ ಪದ್ಧತಿಯನ್ನು ಬೆಂಗಳೂರಿನಲ್ಲಿ ವಿಮೋಚನಾ ಅನ್ನುವ ಮಹಿಳಾ ಸಂಘಟನೆಯವರು ಕೈಗೆತ್ತಿಕೊಂಡು, ಹೆಂಗಸರ ಮೇಲಿನ ಹಿಂಸೆಯ ವಿರುದ್ಧವೂ ಹಾಗೇ ಮೌನವಾಗಿ ನಿಂತರು.

ತುಂಗಾತೀರ:
ಹಾಗಾದರೆ ಮೊದಲು ರೋಡ್ ಟು ರಿಕವರಿಗೆ ಕೊಡುತ್ತೇನೆ. ಅಮೆರಿಕದಿಂದ ಕೊಟ್ಟರೆ ರಸೀದಿ ಯಾರ ಹೆಸರಿನಲ್ಲಿ ಬರುತ್ತದೆ ಅಂತ ಅವರಿಗೇ ಮೇಲ್ ಹಾಕುತ್ತೇನೆ.