ಅವನಿಗೆ ಹೊಟ್ಟೆನೋವು ಬಂದ್ರೆ ಯಾರಿಗೆ ಹೇಳ್ತಾನೆ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಡಲ್ಲಾಸ್‌ನಿಂದ ಒಬ್ಬರು ಕೇಳಿದ್ದರಲ್ಲ, ಮಗನಿಗೆ ಹದಿನೈದು, ಶಾಲೆಗೆ ಹೋಗುವುದು ಬಿಟ್ಟಿದ್ದಾನೆ, ವೇಪ್ (ಇ-ಸಿಗರೇಟ್) ಎಳೆಯುತ್ತಾನೆ, ಅಪ್ಪನ ಮೇಲೆ ಕೈ ಎತ್ತಿದ್ದಾನೆ, ಇಂಥ ಮಕ್ಕಳಿಗೆ ಎಲ್ಲಿ ಸೇರಿಸಬೇಕು ಅಂತ ಸಲಹೆ ಕೊಡುವ ಕನ್ಸಲ್ಟೆಂಟ್ ಹತ್ತು ವಾರದ ವೈಲ್ಡರ್‌ನೆಸ್ ಪ್ರೋಗ್ರಾಂ, ಅಂದರೆ ಮಕ್ಕಳನ್ನು ಮನೆಯಿಂದ ದೂರ ಕಾಡಿನಲ್ಲಿಟ್ಟು ತಿದ್ದುವ ಕಾರ್ಯಕ್ರಮ, ಹೇಳಿದ್ದಾರೆ, ಕಳುಹಿಸಲಾ ಬೇಡವಾ ಅಂತ. ನಾಲ್ಕು ದಿನ ಬರೆಯಲಾ ಬೇಡವಾ ಎಂದು ಯೋಚಿಸಿದೆ. ಬರೆಯಲೇಬೇಕು ಅನಿಸಿತು. ಈಗ ನಾವು ಮಣಿಪಾಲದಲ್ಲಿದ್ದೇವೆ, ಆದರೆ 2019ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾವೂ ನಿದ್ದೆ ಬಿಟ್ಟವರು.

ನಮ್ಮ ಮಗನಿಗೆ ಆಗ ಹದಿನಾಲ್ಕು. ರೂಮಿನ ಬಾಗಿಲು ಹಾಕಿಕೊಂಡರೆ ಎರಡು ದಿನ ತೆಗೆಯುತ್ತಿರಲಿಲ್ಲ. ನನ್ನ ಪರ್ಸಿನಿಂದ ಹಣ ಹೋಗುತ್ತಿತ್ತು. ಒಂದು ರಾತ್ರಿ ಮನೆಯಿಂದಲೇ ಹೋಗಿಬಿಟ್ಟ, ಬೆಳಿಗ್ಗೆ ಪೊಲೀಸರು ಕರೆದುಕೊಂಡು ಬಂದರು. ಸುಸ್ತಾಗಿ ಹೋಗಿದ್ದೆವು. ಅಂಥ ಹೊತ್ತಿನಲ್ಲಿ ಯಾರಾದರೂ "ನಮಗೆ ಬಿಡಿ, ನಾವು ನೋಡಿಕೊಳ್ಳುತ್ತೇವೆ" ಅಂದರೆ ಎಷ್ಟು ಹಿತವಾಗುತ್ತದೆ ಗೊತ್ತಾ? ಹಾಗಾಗಿ ಕಳುಹಿಸುವ ಯೋಚನೆ ಮಾಡಿದ ಯಾವ ತಂದೆ ತಾಯಿಯನ್ನೂ ನಾನು ತಪ್ಪು ಅನ್ನುವುದಿಲ್ಲ.

ನಮಗೆ ಹೇಳಿದ ಪ್ರೋಗ್ರಾಂ ಯೂಟಾ ರಾಜ್ಯದಲ್ಲಿ. ದಿನಕ್ಕೆ 500 ಡಾಲರ್‌ಗೂ ಜಾಸ್ತಿ. ಹುಡುಗ ಬರಲು ಒಪ್ಪದಿದ್ದರೆ ಮುಂಜಾನೆ ನಾಲ್ಕಕ್ಕೆ ಇಬ್ಬರು ಗಟ್ಟಿ ಗಂಡಸರು ಬಂದು ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ಯುವ ವ್ಯವಸ್ಥೆಯೂ ಉಂಟು, ಅದಕ್ಕೆ ಬೇರೆ ದುಡ್ಡು. ಅಡುಗೆಮನೆಯ ಮೇಜಿನ ಮೇಲೆ ಫಾರ್ಮ್ ಹರಡಿಕೊಂಡು ಕೂತಿದ್ದೆವು. ಒಂದು ಪುಟದಲ್ಲಿ ಹೀಗೆ ಇತ್ತು: ಮೊದಲ ವಾರಗಳಲ್ಲಿ ನಿಮ್ಮ ಮಗು "ಕರೆದುಕೊಂಡು ಹೋಗಿ" ಅಂತ ಬರೆಯುತ್ತದೆ, ಹುಷಾರಿಲ್ಲ ಅನ್ನುತ್ತದೆ, ಊಟ ಸಿಗುತ್ತಿಲ್ಲ ಅನ್ನುತ್ತದೆ, ಅದು ನಿಮ್ಮನ್ನು ಬಗ್ಗಿಸುವ ಆಟ, ನಂಬಬೇಡಿ. ನಾನು ಫೋನ್ ಮಾಡಿ ಕೇಳಿದೆ, ಮಗ ನನ್ನ ಹತ್ತಿರ ಮಾತಾಡಬಹುದಾ ಅಂತ. ಇಲ್ಲ, ವಾರಕ್ಕೊಂದು ಪತ್ರ, ಅದನ್ನೂ ಮೊದಲು ಥೆರಪಿಸ್ಟ್ ಓದುತ್ತಾರೆ ಅಂದರು.

ಆ ರಾತ್ರಿ ಊರಲ್ಲಿ, ಪರ್ಕಳದಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳಿಗೆ ಥೆರಪಿ ಗಿರಪಿ ಎಲ್ಲ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಕಾಡಿನಲ್ಲಿ ಅವನಿಗೆ ಹೊಟ್ಟೆನೋವು ಬಂದ್ರೆ ಯಾರಿಗೆ ಹೇಳ್ತಾನೆ ಮಾರಾಯ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ಇಟ್ಟ ಮೇಲೆ ಹುಡುಕಿ ಓದಲು ಕೂತೆ. 1994ರಲ್ಲಿ ಯೂಟಾದಲ್ಲೇ ಇಂಥ ಒಂದು ಪ್ರೋಗ್ರಾಂನಲ್ಲಿ ಹದಿನಾರರ ಹುಡುಗ ಹೊಟ್ಟೆಯ ಅಲ್ಸರ್ ತೂತಾಗಿ, ಸೋಂಕು ಹರಡಿ ಸತ್ತ. ಎಷ್ಟೋ ದಿನದಿಂದ ಹೊಟ್ಟೆನೋವು ಅನ್ನುತ್ತಿದ್ದ. ನಾಟಕ ಮಾಡುತ್ತಾನೆ ಅಂದುಕೊಂಡರು. ಅದಕ್ಕೂ ನಾಲ್ಕು ವರ್ಷ ಮೊದಲು, 1990ರಲ್ಲಿ, ಅದೇ ರಾಜ್ಯದಲ್ಲಿ ಹದಿನಾರರ ಹುಡುಗಿ ಬಿಸಿಲಲ್ಲಿ ನಡೆಯುತ್ತಾ ಕುಸಿದು ಸತ್ತಳು. ಓದುತ್ತಾ ಓದುತ್ತಾ ಕೈ ತಣ್ಣಗಾಯಿತು. ಆ ಫಾರ್ಮಿನ ಪುಟ ನನ್ನ ಕಣ್ಣ ಮುಂದೆ ಇತ್ತಲ್ಲ. ಮಗು ನೋವು ಅಂದರೆ ನಂಬಬೇಡಿ ಅಂತ ಅಪ್ಪ ಅಮ್ಮನಿಗೆ ಮೊದಲೇ ಹೇಳಿಟ್ಟಿರುತ್ತಾರೆ, ಸಿಬ್ಬಂದಿಗೂ ಅದನ್ನೇ ಕಲಿಸಿದ್ದರೆ ಆ ಮಗುವಿನ ಮಾತು ಕೇಳುವವರು ಸುತ್ತ ನೂರು ಮೈಲಿಯಲ್ಲಿ ಯಾರು?

ಇದು ಒಂದೆರಡು ಕಡೆಯ ಕಥೆ ಅಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2007ರಲ್ಲಿ ಒಂದು ವರದಿ ಕೊಟ್ಟಿತು. 1990ರಿಂದ 2004ರ ನಡುವಿನ ಹತ್ತು ಸಾವುಗಳನ್ನು ಅದರಲ್ಲಿ ಒಂದೊಂದಾಗಿ ಬಿಡಿಸಿ ನೋಡಿದ್ದಾರೆ. ತರಬೇತಿ ಇಲ್ಲದ ಸಿಬ್ಬಂದಿ, ಸಾಲದ ಊಟ, ಬಿಸಿಲಲ್ಲೂ ನಿಲ್ಲಿಸದ ನಡಿಗೆ. ವಸತಿ ಚಿಕಿತ್ಸಾ ಕೇಂದ್ರಗಳನ್ನೆಲ್ಲ ಸೇರಿಸಿ 2005ರ ಒಂದೇ ವರ್ಷದಲ್ಲಿ 33 ರಾಜ್ಯಗಳಲ್ಲಿ 1,619 ಸಿಬ್ಬಂದಿಯ ಹೆಸರು ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಬಂದಿತ್ತು.

ಹಳೆಯದು ಅಂತೀರಾ? 2024ರ ಫೆಬ್ರವರಿ ನೋಡಿ. ನಾರ್ತ್ ಕೆರೊಲಿನಾದ ಟ್ರೇಲ್ಸ್ ಕೆರೊಲಿನಾ ಎಂಬ ಪ್ರೋಗ್ರಾಂಗೆ ಬಂದ ಮರುದಿನ ಬೆಳಿಗ್ಗೆಯೇ ಒಬ್ಬ ಹುಡುಗ ಸತ್ತು ಬಿದ್ದಿದ್ದ. ಹನ್ನೆರಡು ವರ್ಷ. ಓಡಿಹೋಗದಂತೆ ಅಲಾರಂ ಕಟ್ಟಿದ ಒಬ್ಬನೇ ಮಲಗುವ ಚೀಲದಂಥ ಪುಟ್ಟ ಟೆಂಟಿನಲ್ಲಿ ಮಲಗಿಸಿದ್ದರು. ಉಸಿರುಗಟ್ಟಿ ಸತ್ತ ಅಂತ ಮರಣೋತ್ತರ ಪರೀಕ್ಷೆ ಹೇಳಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಲೈಸೆನ್ಸ್ ರದ್ದು ಮಾಡಿತು. ನಾವು ವರ್ಷಗಟ್ಟಲೆ ಇದ್ದ ರಾಜ್ಯ ಅದು. ಆ ಸುದ್ದಿ ಓದಿದಾಗ ಇಲ್ಲಿ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಲ್ಲೇ ಕೂತುಬಿಟ್ಟೆ.

ಕಾನೂನು ಸ್ವಲ್ಪ ಬದಲಾಗಿದೆ, ಅದನ್ನೂ ಹೇಳುತ್ತೇನೆ. ಅಮೆರಿಕದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ಹದಿಹರೆಯದಲ್ಲಿ ಯೂಟಾದ ಒಂದು ಕೇಂದ್ರದಲ್ಲಿ ಇದ್ದವರು, ತಮಗಾದ್ದನ್ನು ಬಾಯಿಬಿಟ್ಟು ಹೇಳಿದರು. 2021ರಲ್ಲಿ ಯೂಟಾ ಹೊಸ ಕಾನೂನು ತಂದಿತು. ವರ್ಷಕ್ಕೆ ನಾಲ್ಕು ಸಲ ತಪಾಸಣೆ ಆಗಬೇಕು, ವಾರಕ್ಕೊಮ್ಮೆ ಮಗು ಮನೆಯವರ ಜೊತೆ ಗುಟ್ಟಾಗಿ, ಬೇರೆಯವರು ಕೇಳದಂತೆ ಮಾತಾಡಲು ಬಿಡಬೇಕು. ನನ್ನ ಅಮ್ಮ ಕೇಳಿದ್ದು ಅದನ್ನೇ ಅಲ್ವಾ? 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಆಯಿತು. ಆದರೆ ಅದು ಅಧ್ಯಯನ ಮಾಡಿಸಿ ಶಿಫಾರಸು ತರಿಸುವ ಕಾನೂನು. ಲೈಸೆನ್ಸ್ ಕೊಡುವುದು, ಬೀಗ ಹಾಕಿಸುವುದು ಈಗಲೂ ರಾಜ್ಯಗಳ ಕೈಯಲ್ಲೇ, ಒಂದೊಂದು ಕಡೆ ಒಂದೊಂದು ತರ.

ಆದ್ದರಿಂದ ಡಲ್ಲಾಸ್‌ನವರೇ, ಕನ್ಸಲ್ಟೆಂಟ್ ಮಾತಿನ ಮೇಲೆ ಹೋಗಬೇಡಿ. ಆ ರಾಜ್ಯದ ಯಾವ ಇಲಾಖೆ ಲೈಸೆನ್ಸ್ ಕೊಟ್ಟಿದೆ ಕೇಳಿ, ಇಲಾಖೆಗೇ ಫೋನ್ ಮಾಡಿ ತಪಾಸಣಾ ವರದಿ, ದೂರುಗಳು ಏನೇನಿವೆ ತರಿಸಿಕೊಳ್ಳಿ. ರಾತ್ರಿ ಮಕ್ಕಳ ಹತ್ತಿರ ಯಾರಿರುತ್ತಾರೆ, ಅವರು ಎಚ್ಚರ ಇರುತ್ತಾರಾ, ಎಲ್ಲಿ ಮಲಗಿಸುತ್ತಾರೆ, ಹತ್ತಿರದ ಆಸ್ಪತ್ರೆ ಎಷ್ಟು ಗಂಟೆ ದೂರ, ಬಿಸಿಲು ಅಥವಾ ಚಳಿ ಎಷ್ಟಾದರೆ ನಡಿಗೆ ನಿಲ್ಲಿಸುತ್ತಾರೆ, ಹುಡುಗ ನೋವು ಅಂದರೆ ಡಾಕ್ಟರಿಗೆ ತೋರಿಸುವ ತೀರ್ಮಾನ ಯಾರದು. ಇದಕ್ಕೆಲ್ಲ ಒಳ್ಳೆ ಉತ್ತರ ಬಂದರೂ, ಮಗ ನಿಮ್ಮ ಜೊತೆ ಒಬ್ಬನೇ ಮಾತಾಡುವ ಹಾಗಿಲ್ಲ ಅಂದರೆ ಕಳುಹಿಸಬೇಡಿ. ನನ್ನ ಮಟ್ಟಿಗೆ ಅದೊಂದು ಇಲ್ಲದಿದ್ದರೆ ಉಳಿದದ್ದು ಯಾವುದೂ ಲೆಕ್ಕಕ್ಕಿಲ್ಲ.

ಕೆಲವರು "ಅದೆಲ್ಲ ಬೇಡ, ಊರಿನ ಹಾಸ್ಟೆಲಿಗೆ ಹಾಕಿ, ತಾನಾಗಿ ಬುದ್ಧಿ ಬರುತ್ತದೆ" ಅಂತ ಬರೆದಿದ್ದೀರಿ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ದಯವಿಟ್ಟು ಇಲ್ಲೂ ಅದೇ ಪ್ರಶ್ನೆ ಕೇಳಿ. ಇಲ್ಲಿ ಗೆಳತಿಯ ಅಣ್ಣನ ಮಗನಿಗಾಗಿ ನಾನೇ ಒಂದು ಹಾಸ್ಟೆಲ್ ನೋಡಲು ಹೋಗಿದ್ದೆ. ಮೊದಲ ಎರಡು ತಿಂಗಳು ಫೋನ್ ಇಲ್ಲ, ಫಾರಿನ್ ಮಕ್ಕಳಿಗೆ ಅದೇ ಒಳ್ಳೆಯದು ಅಂದರು ವಾರ್ಡನ್. ನಾವು ಸೇರಿಸಲಿಲ್ಲ. ಊರಿಗೆ ಕರೆತಂದರೆ ಅವನಿಗೆ 1098 ನಂಬರ್ ಬಾಯಿಪಾಠ ಮಾಡಿಸಿ, ಮಕ್ಕಳ ಸಹಾಯವಾಣಿ ಅದು. ಚಿಕಿತ್ಸೆ ಬೇಕಿದ್ದರೆ ಇಲ್ಲಿ ಮಣಿಪಾಲದ ಕೆಎಂಸಿಯಲ್ಲಿ ಮನೋವೈದ್ಯ ವಿಭಾಗ ಉಂಟು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಉಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿದಾಗ ನನಗೆ ಕಣ್ಣೀರು ಬಂತು. ಹದಿನೆಂಟು ತುಂಬದವರನ್ನು ದಾಖಲು ಮಾಡಿದರೆ ದೊಡ್ಡವರಿಂದ ಬೇರೆ ಕಡೆ ಇಡಬೇಕು, ಮನೆಯವರೊಬ್ಬರು ಅಥವಾ ಅವರು ನೇಮಿಸಿದವರು ಉದ್ದಕ್ಕೂ ಜೊತೆಯಲ್ಲಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಜೊತೆಯಲ್ಲಿ ಇರಬೇಕು ಅಂತ ಕಾನೂನೇ ಹೇಳುತ್ತದೆ ನೋಡಿ.

ನಾವು ಏನು ಮಾಡಿದೆವು ಅಂದರೆ, ಫಾರ್ಮ್ ಹರಿದು ಹಾಕಿದೆವು. ಗಂಡ ಮೂರು ತಿಂಗಳು ರಜೆ ಹಾಕಿದರು. ವಾರಕ್ಕೆರಡು ಸಲ ಮನೆ ಹತ್ತಿರದ ಥೆರಪಿಸ್ಟ್, ಒಂದು ದಿನ ಅವನಿಗೆ, ಒಂದು ದಿನ ನಮಗೆ. ಸುಲಭ ಇರಲಿಲ್ಲ. ಆ ಮೇಲೆಯೂ ಒಮ್ಮೆ ಓಡಿಹೋದ.

ಕಾಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನನ್ನ ತಮ್ಮ ಅವನನ್ನು ಕೊಡಚಾದ್ರಿಗೆ ಕರೆದುಕೊಂಡು ಹೋದ, ನಾನೂ ಹೋದೆ. ಅರ್ಧ ದಾರಿಯಲ್ಲಿ ಇವನು ಕಾಲು ನೋವು ಅಂದ. ಇವನ ಸೋಮಾರಿತನ ಶುರುವಾಯಿತು ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ತಮ್ಮ ಬ್ಯಾಗ್ ಕೆಳಗಿಟ್ಟು, ಕಲ್ಲಿನ ಮೇಲೆ ಅವನನ್ನು ಕೂರಿಸಿ, ಶೂ ಬಿಚ್ಚಿದ. ಹಿಮ್ಮಡಿಯಲ್ಲಿ ಎಂಟಾಣೆಯಷ್ಟು ದೊಡ್ಡ ಬೊಬ್ಬೆ ಒಡೆದು ಸಾಕ್ಸ್ ಎಲ್ಲ ರಕ್ತ. ಎಷ್ಟು ಹೊತ್ತಿನಿಂದ ನಡೆದಿದ್ದನೋ ಹಾಗೇ. ತಮ್ಮ ನೀರು ಹಾಕಿ ತೊಳೆದು, ಪಟ್ಟಿ ಕಟ್ಟಿ, "ವಾಪಸ್ ಹೋಗುವಾ ಅಥವಾ ಮೇಲೆ ಹೋಗುವಾ, ನೀನೇ ಹೇಳು" ಅಂದ. ಅವನು ಮೇಲೆ ಅಂದ.

ಡಲ್ಲಾಸ್‌ನವರೇ, ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡಿ. ಇಲ್ಲಿ ರಾತ್ರಿ ಹನ್ನೊಂದರ ತನಕ ಎಚ್ಚರ ಇರುತ್ತೇನೆ. ನಿಮ್ಮ ಮಗನಿಗೆ ಮಾತಾಡಬೇಕು ಅನಿಸಿದರೆ ನನ್ನ ಮಗನೂ ಮಾತಾಡುತ್ತಾನೆ, ಕೇಳಿದ್ದೇನೆ, ಆಯ್ತು ಅಂದಿದ್ದಾನೆ.