ಅಪ್‌ಡೇಟ್: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಹುಡುಗಿಯರ ವ್ಯಾಯಾಮ ಶುರುವಾಯ್ತು

ನಮ್ಮ ವಸತಿ ಸೊಸೈಟಿಯ ಹೆಣ್ಣುಮಕ್ಕಳಿಗೆ ಗೆಲುವು-ಸೋಲಿಲ್ಲದ ವ್ಯಾಯಾಮ ಹೇಗೆ ಶುರುಮಾಡಲಿ ಅಂತ ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ. ಶಾಲೆಯ ಓಟದಲ್ಲಿ ಕೊನೆಯವಳಾದ ಮೇಲೆ ನನ್ನ ಮಗಳು ಆಟವನ್ನೇ ಬಿಟ್ಟಿದ್ದಳು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

4 ಜನರಿಂದ ಶುರುವಾದದ್ದು ಈಗ 13 ಆಗಿದೆ. ವಾರಕ್ಕೆ 3 ಸಂಜೆ. ಮಳೆ ಬಂದರೆ ಕೆಳಗಿನ ಪಾರ್ಕಿಂಗ್‌ನಲ್ಲೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು, ವಾರದಲ್ಲಿ 3 ದಿನವಾದರೂ ಮೂಳೆ-ಸ್ನಾಯು ಗಟ್ಟಿಯಾಗುವಂಥದ್ದು ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಕುಂಟೆಬಿಲ್ಲೆ, ಹಗ್ಗದಾಟ, ಸೂರ್ಯನಮಸ್ಕಾರ.

ಹಗ್ಗದ ಅಳತೆ ಹೇಳಿಕೊಟ್ಟ ಅಕ್ಕನ ಮಾತು ತುಂಬ ಕೆಲಸಕ್ಕೆ ಬಂತು: ನಡುಹಗ್ಗದ ಮೇಲೆ ಕಾಲಿಟ್ಟು ನಿಂತರೆ ಎರಡೂ ಹಿಡಿ ಕಂಕುಳವರೆಗೆ ಬರಬೇಕು. ಮಗಳ ಹಗ್ಗ ಗೇಣುದ್ದ ಹೆಚ್ಚಿತ್ತು, ಪ್ರತಿ ಸಲ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಗಂಟು ಹಾಕಿ ಕೊಟ್ಟೆ. ಆ ಸಂಜೆ ಕೆನ್ನೆ ಕೆಂಪಾಗುವವರೆಗೂ ಹಾರಿದಳು. ಎಷ್ಟು ಅಂತ ಯಾರೂ ಎಣಿಸಲಿಲ್ಲ. ಎಣಿಸಬಾರದು ಅನ್ನೋದೇ ನಮ್ಮ ನಿಯಮ.

ಒಬ್ಬಳು ಮಧ್ಯದಲ್ಲಿ ಬರೋದು ನಿಲ್ಲಿಸಿದಳು. ಮೆಲ್ಲಗೆ ಕೇಳಿದಾಗ ಗೊತ್ತಾಯ್ತು, ಮುಟ್ಟಿನ ದಿನಗಳಲ್ಲಿ ಕೆಳಗಿನ ಶೌಚಾಲಯಕ್ಕೆ ಬೀಗ ಇರೋದೇ ಅವಳ ಭಯ. ನನಗೆ ಇದು ಹೊಳೆದೇ ಇರಲಿಲ್ಲ, ಬೇಜಾರಾಯ್ತು. ಈಗ ಕೀಲಿ ನನ್ನ ಹತ್ತಿರವೇ ಇರುತ್ತೆ, ಅವಳೂ ಬರ್ತಾಳೆ.

ಗಣೇಶೋತ್ಸವಕ್ಕೆ ಓಟದ ಸ್ಪರ್ಧೆ ಇಡೋಣ ಅಂದರು ಕಮಿಟಿಯವರು. ಬೇಡ ಅಂದೆ. ಹುಡುಗಿಯರೆಲ್ಲ ಸೇರಿ, ಕೈಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡ್ತಾರೆ.