ವೆನಿಸ್ ವಾಸ್ತುಶಿಲ್ಪ ಬಿನಾಲೆ: ಆರು ತಿಂಗಳಿಗೆಂದು ಕಟ್ಟಿ ಒಡೆಯುವ ಪ್ರದರ್ಶನದಿಂದ ಸುಸ್ಥಿರ ನಗರದ ಪಾಠ ಕಲಿಯಬಹುದೇ?

ಪ್ರಶ್ನೆ: ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. 2025ರ ಮೇ 10ರಿಂದ ನವೆಂಬರ್ 23ರವರೆಗೆ ನಡೆದ ವೆನಿಸ್‌ನ 19ನೆಯ ಅಂತಾರಾಷ್ಟ್ರೀಯ ವಾಸ್ತುಶಿಲ್ಪ ಪ್ರದರ್ಶನದ (ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ) ಕುರಿತು ಸೆಮಿನಾರಿಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಕಾರ್ಲೊ ರಾಟ್ಟಿಯವರು ಕ್ಯುರೇಟರ್ (ಪ್ರದರ್ಶನವನ್ನು ರೂಪಿಸುವ ಹೊಣೆ ಹೊತ್ತವರು) ಆಗಿದ್ದ ಆ ಪ್ರದರ್ಶನದಲ್ಲಿ 750ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು. ಬಿಸಿಯಾಗುತ್ತಿರುವ ಭೂಮಿಗೆ ನಮ್ಮ ಊರುಗಳು ಹೇಗೆ ಹೊಂದಿಕೊಳ್ಳಬೇಕು ಎಂಬುದೇ ಅದರ ಮುಖ್ಯ ಚಿಂತನೆಯಾಗಿತ್ತು. ಆದರೆ ಓದಿದಷ್ಟೂ ಒಂದು ಸಂದೇಹ ಬಲವಾಗುತ್ತಿದೆ. ದೇಶದೇಶಗಳಿಂದ ಸಾಮಗ್ರಿ ತರಿಸಿ, ಗೋಡೆ ಎಬ್ಬಿಸಿ, ಆರು ತಿಂಗಳಾದ ಮೇಲೆ ಅದನ್ನೆಲ್ಲ ಕಳಚಿಹಾಕುವ ಪ್ರದರ್ಶನಕ್ಕೆ ಮಿತವ್ಯಯದ ಮಾತಾಡುವ ಅರ್ಹತೆ ಇದೆಯೇ? ಚಿತ್ರ ಮತ್ತು ನಕ್ಷೆಗಳಲ್ಲಿ ಸಿಗದೆ, ಅಲ್ಲಿಗೇ ಹೋದವರಿಗೆ ಮಾತ್ರ ಸಿಗುವಂಥದ್ದು ಏನಾದರೂ ಇತ್ತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಾಸ್ತುಶಿಲ್ಪಿ, ಮಿಲಾನ್

ನಾನು ಜುಲೈನಲ್ಲಿ ಎರಡು ದಿನ ಅಲ್ಲಿದ್ದೆ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ: ಇತ್ತು.

ಹಿಂದೆ ಹಡಗಿನ ಹಗ್ಗ ಹೊಸೆಯುತ್ತಿದ್ದ, 300 ಮೀಟರಿಗೂ ಉದ್ದವಾದ ಕಾರ್ಡೆರಿಯೆ ಎಂಬ ಕಟ್ಟಡದ ಮೊದಲ ಕೋಣೆಯಲ್ಲಿ ಬಹುತೇಕ ಕತ್ತಲೆ. ತಲೆಯ ಮೇಲೆ ಹವಾನಿಯಂತ್ರಕಗಳ ಹೊರಘಟಕಗಳು ತೂಗುತ್ತಿದ್ದವು, ಕೆಳಗೆ ನೀರಿನ ಕೊಳಗಳಿದ್ದವು. ಮುಂದಿನ ಸಭಾಂಗಣವನ್ನು ತಂಪಾಗಿಡುವ ಯಂತ್ರಗಳು ಹೊರದಬ್ಬುವ ಬಿಸಿಗಾಳಿಯನ್ನು ಪ್ರೇಕ್ಷಕರು ಮೊದಲು ಮೈಮೇಲೆ ತೆಗೆದುಕೊಂಡು, ಆಮೇಲೆ ತಂಪಿಗೆ ಕಾಲಿಡುವಂತೆ ಅದನ್ನು ಯೋಜಿಸಿದ್ದರು. ಒಳಗಿನವರ ತಂಪು ಬೀದಿಯಲ್ಲಿರುವವರ ಸೆಕೆಯಾಗುತ್ತದೆ ಎಂಬುದನ್ನು ನಾನು ಹತ್ತಾರು ವರದಿಗಳಲ್ಲಿ ಓದಿದ್ದೆ. ಅಂಗಿ ಬೆನ್ನಿಗೆ ಅಂಟಿಕೊಂಡು ನಿಂತಾಗ ಅದು ಅರ್ಥವಾದ ಬಗೆಯೇ ಬೇರೆ.

ಶ್ರೇಷ್ಠ ರಾಷ್ಟ್ರೀಯ ಪ್ರದರ್ಶನಕ್ಕೆ ಕೊಡುವ ಚಿನ್ನದ ಸಿಂಹ ಪ್ರಶಸ್ತಿ ಪಡೆದ ಬಹ್ರೇನ್ ಮಂಟಪ (ಆ ದೇಶದ ಪ್ರದರ್ಶನ ಜಾಗ) ಇದೇ ಸೆಕೆಗೆ ಉತ್ತರ ಹುಡುಕಿತ್ತು. ನೆಲದಾಳದ ತಂಪನ್ನು ಬಾವಿಯಂಥ ಕೊಳವೆಯಿಂದ ಮೇಲೆತ್ತಿ, ಬಿಸಿಯಾದ ಗಾಳಿಯನ್ನು ಸೌರ ಚಿಮಣಿಯಿಂದ ಹೊರಬಿಟ್ಟು, ಒಂದೇ ಕಂಬದ ಆಧಾರದ ಚಾವಣಿಯ ಕೆಳಗೆ ಕಟ್ಟಡ ಕಾರ್ಮಿಕರಿಗೂ ದಾರಿಹೋಕರಿಗೂ ತಂಗಲು ಜಾಗ ಒದಗಿಸುವುದು ಅದರ ಕಲ್ಪನೆ. ಆದರೆ ವೆನಿಸ್‌ನ ಆ ಜಾಗದಲ್ಲಿ ನೆಲ ಅಗೆಯುವಂತಿರಲಿಲ್ಲ. ಆದ್ದರಿಂದ ಕಾಲುವೆಯ ಕಡೆಯ ಕಿಟಕಿಯಿಂದ ಗಾಳಿಯನ್ನು ಯಂತ್ರದ ಮೂಲಕ ಎಳೆದು ತಂದಿದ್ದರು. ಇದನ್ನು ಕೊರತೆಯೆಂದು ಕಾಣುವವರಿದ್ದಾರೆ. ಈ ಉಪಾಯ ನೆಲವನ್ನು ನಂಬಿದ್ದು, ಎಲ್ಲೆಂದರಲ್ಲಿ ಎತ್ತಿಡಲು ಬರುವಂಥದ್ದಲ್ಲ ಎಂಬುದು ನನಗೆ ಅಲ್ಲಿಯೇ ಸ್ಪಷ್ಟವಾಯಿತು.

ವೆನಿಸನ್ನು ಸುತ್ತುವರಿದ ಲಗೂನಿನ (ಹಿನ್ನೀರಿನ) ಉಪ್ಪುನೀರನ್ನು ಎದುರಿಗೇ ಶುದ್ಧೀಕರಿಸಿ ಎಸ್ಪ್ರೆಸೊ ಮಾಡಿಕೊಡುತ್ತಿದ್ದ ಕಾಫಿ ಕಟ್ಟೆಯನ್ನೂ ಪ್ರಬಂಧದಲ್ಲಿ ಸೇರಿಸಿ. ನೀರಿನ ಒಂದು ಪಾಲು ಉಪ್ಪನ್ನು ತಾಳುವ ಗಿಡಗಳ ನಡುವೆ ಹರಿಯುತ್ತಿತ್ತು, ಇನ್ನೊಂದು ರಿವರ್ಸ್ ಆಸ್ಮೋಸಿಸ್ ಯಂತ್ರಕ್ಕೆ ಹೋಗುತ್ತಿತ್ತು; ಕೊನೆಗೆ ಎರಡನ್ನೂ ಬೆರೆಸುತ್ತಿದ್ದರು. ಡಿಲ್ಲರ್ ಸ್ಕೊಫಿಡಿಯೊ ಮತ್ತು ರೆನ್‌ಫ್ರೊ ಸಂಸ್ಥೆಯವರ ಈ ಕೆಲಸಕ್ಕೂ ಚಿನ್ನದ ಸಿಂಹ ಬಂತು.

ಉತ್ತರ 2: ನಿವೃತ್ತ ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ

ತಂಗಿ, ನಿಮ್ಮ ಮೊದಲ ಪ್ರಶ್ನೆ ನ್ಯಾಯವಾದದ್ದು, ಅದನ್ನು ಬಿಡಬೇಡಿ. ಆದರೆ ಅದನ್ನು ಬಿನಾಲೆಯವರೇ ತಮಗೆ ಹಾಕಿಕೊಂಡದ್ದೂ ಉಂಟು. 2016ರಲ್ಲಿ ಕ್ಯುರೇಟರ್ ಆಗಿದ್ದ ಅಲೆಹಾಂಡ್ರೊ ಅರವೇನಾ, ಹಿಂದಿನ ವರ್ಷದ ಕಲಾ ಬಿನಾಲೆ ಬಿಟ್ಟುಹೋಗಿದ್ದ 10,000 ಚದರ ಮೀಟರ್ ಜಿಪ್ಸಮ್ ಬೋರ್ಡ್ ಮತ್ತು 14 ಕಿಲೋಮೀಟರ್ ಉದ್ದದ ಲೋಹದ ಪಟ್ಟಿಗಳಿಂದಲೇ ಪ್ರವೇಶದ ಕೋಣೆಗಳನ್ನು ಕಟ್ಟಿಸಿದರು. 2023ರಲ್ಲಿ ಜರ್ಮನಿಯವರು 40ಕ್ಕೂ ಹೆಚ್ಚು ಮಂಟಪಗಳ ಉಳಿಕೆಯನ್ನು ತಮ್ಮ ಮಂಟಪಕ್ಕೆ ತಂದು ಒಟ್ಟಿ, ಪ್ರತಿಯೊಂದೂ ಎಲ್ಲಿಂದ ಬಂತೆಂದು ದಾಖಲಿಸಿ, ಅಲ್ಲಿಯೇ ದುರಸ್ತಿಯ ಕಾರ್ಯಾಗಾರ ನಡೆಸಿದರು. ನಲವತ್ತು ವರ್ಷ ಸೈಟುಗಳಲ್ಲಿ ಓಡಾಡಿದವನಾಗಿ ಹೇಳುತ್ತೇನೆ: ಒಡೆದ ಮಾಲಿನ ಲೆಕ್ಕ ಬರೆದಿಡುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟದ ಕೆಲಸ, ಅದನ್ನು ಯಾರೂ ಹೊಗಳುವುದಿಲ್ಲ.

ಇನ್ನು ಸಾಮಗ್ರಿಯ ವಿಷಯ. 2021ರಲ್ಲಿ ಚಿನ್ನದ ಸಿಂಹ ಪಡೆದ ಸಂಯುಕ್ತ ಅರಬ್ ಎಮಿರೇಟ್ಸ್ ಮಂಟಪ, ಸಮುದ್ರದ ನೀರನ್ನು ಸಿಹಿಮಾಡಿದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರಿನಿಂದ ಮೆಗ್ನೀಸಿಯಂ ಆಧಾರಿತ ಸಿಮೆಂಟ್ ಮಾಡಿ ತೋರಿಸಿತು. ಮಾಮೂಲಿ ಸಿಮೆಂಟಿನ ತಯಾರಿಕೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದು ಗಟ್ಟಿಯಾಗುವಾಗ ಅದನ್ನೇ ಹೀರಿಕೊಳ್ಳುತ್ತದೆ.

ಉತ್ತರ 3: ಮಣ್ಣಿನ ಮನೆಗಳ ಗುತ್ತಿಗೆದಾರ, ಬೆಂಗಳೂರು

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಪ್ರಶಸ್ತಿಗಳ ಕಡೆಗೇ ನಮ್ಮ ಗಮನ ಹೆಚ್ಚು ಹೋಗುತ್ತಿದೆ ಎಂಬ ಕಳವಳ ನನಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ (ASTRA, ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯ) ಕೇಂದ್ರದವರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಸೈಟಿನಲ್ಲೇ ಅಗೆದ ಮಣ್ಣಿಗೆ ಮರಳು ಮತ್ತು ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ ಸಾಕು, ಸುಡುವ ಗೂಡು ಬೇಡ. ಒತ್ತಿ ತೆಗೆದ ಇಟ್ಟಿಗೆಯ ಮೂಲೆ ಹೆಬ್ಬೆರಳಿಗೆ ಪುಡಿಯಾದರೆ ಮಿಶ್ರಣದಲ್ಲಿ ನೀರು ಕಡಿಮೆಯಾಗಿದೆ ಎಂದು ನಮ್ಮ ಕೆಲಸದವರು ತಕ್ಷಣ ಹೇಳುತ್ತಾರೆ. ಆಮೇಲೆ ಮೂರು ನಾಲ್ಕು ವಾರ ನೀರುಣಿಸಬೇಕು, ಅಲ್ಲಿ ಅವಸರ ಮಾಡಿದವರು ಮಳೆಗಾಲದಲ್ಲಿ ಪಶ್ಚಾತ್ತಾಪ ಪಡುತ್ತಾರೆ. ವೆನಿಸ್‌ನ ಮಂಟಪಗಳನ್ನು ಅಭ್ಯಾಸ ಮಾಡುವವರು ಇಂಥ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಪ್ರಬಂಧದ ವ್ಯಾಪ್ತಿಯನ್ನು ಕಿರಿದುಗೊಳಿಸಿ, ಪ್ರದರ್ಶನ ಮುಗಿದ ಮೇಲೆ ಸಾಮಗ್ರಿ ಏನಾಗುತ್ತದೆ ಎಂಬುದಕ್ಕೇ ಸೀಮಿತಗೊಳಿಸಲು ನಿರ್ಧರಿಸಿದ್ದೇನೆ. ಬರುವ ತಿಂಗಳು ನಮ್ಮ ಕಾಲೇಜಿನಲ್ಲಿಯೇ ವಾರ್ಷಿಕ ಪ್ರದರ್ಶನವಿದೆ. ಅದು ಮುಗಿದ ಸಂಜೆ ಉಳಿಯುವ ಪ್ಲೈವುಡ್, ಸನ್‌ಬೋರ್ಡ್ ಮತ್ತು ಫ್ಲೆಕ್ಸುಗಳನ್ನು ತೂಗಿ ಪಟ್ಟಿ ಮಾಡಲು ನಾಲ್ವರು ಗೆಳತಿಯರು ಒಪ್ಪಿದ್ದಾರೆ. ಹುಬ್ಬಳ್ಳಿಯ ಸರ್, ಆ ಪಟ್ಟಿಯಲ್ಲಿ ಯಾವ ಯಾವ ಕಾಲಂಗಳು ಇರಬೇಕೆಂದು ತಾವು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.